ಮಗ್ಗದ ಶೆಡ್ಡಿನಲ್ಲಿ ಕಲೆಯ ಕೆಲಸ: ಮೊದಲು ಜುಂಗು, ಕಡೆಗೆ ಬಣ್ಣ

ಪ್ರಶ್ನೆ: ನಮ್ಮ 30×60 ಅಡಿಯ ಪವರ್‌ಲೂಮ್ ಶೆಡ್ ಆರು ವರ್ಷದಿಂದ ಬಂದಾಗಿದೆ. ಮೇಲೆ ಸಿಮೆಂಟ್ ಪತ್ರಾಸು (ಶೀಟು), ಕೆಳಗೆ ಎಣ್ಣೆ ಕುಡಿದ ಕಾಂಕ್ರೀಟ್. ಎಂಟು ಮಂದಿ ಸೇರಿ ಚಿತ್ರಕಲೆಗೆ, ಮಣ್ಣಿನ ಕೆಲಸಕ್ಕೆ ಬಳಸಬೇಕೆಂದಿದ್ದೇವೆ. ಸುಣ್ಣ-ಬಣ್ಣದಿಂದ ಶುರು ಮಾಡಲೇ?
– ಓದುಗರು, ರಬಕವಿ-ಬನಹಟ್ಟಿ

ಉತ್ತರ: ಬಣ್ಣ ಕಟ್ಟಕಡೆಗೆ. ಮೊದಲು ಏಣಿ ಹಾಕಿ ಕಬ್ಬಿಣದ ತೊಲೆಗಳನ್ನು ನೋಡಿ. ಮೇಲೆ ಬೂದು ಜುಂಗು ಹಳೆಯ ಕಂಬಳಿಯ ಹಾಗೆ ಕೂತಿರುತ್ತದೆ. ನೂಲಿನಿಂದ ವರ್ಷಗಟ್ಟಲೆ ಹಾರಿ ಎಣ್ಣೆ ಹೀರಿದ ನಾರು ಅದು. ಕಿಡಿ ಬಿದ್ದರೆ ಬೆಂಕಿ ತೊಲೆಯಿಂದ ತೊಲೆಗೆ ಓಡುತ್ತದೆ. ಮಗ್ಗ ಬಿಗಿದಿದ್ದ ನೆಲದ ಬೋಲ್ಟುಗಳನ್ನು ಕಟರಿನಿಂದ ಕತ್ತರಿಸುವ ಮುನ್ನ ಅದನ್ನು ತೆಗೆಸಲೇಬೇಕು.

ತೆಗೆಸುವಾಗ ಒಣ ಪೊರಕೆ, ಕಂಪ್ರೆಸರ್ ಗಾಳಿ ಎರಡೂ ಬೇಡ. ಹಳೆಯ ಸಿಮೆಂಟ್ ಪತ್ರಾಸಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದರ ಸೂಕ್ಷ್ಮ ಎಳೆ ಶ್ವಾಸಕೋಶಕ್ಕಿಳಿದರೆ ದಶಕಗಳ ಬಳಿಕವೂ ಕ್ಯಾನ್ಸರ್ ತರಬಲ್ಲದು. ಮೇನ್ ಸ್ವಿಚ್ ಆಫ್ ಮಾಡಿ, ಸೂಕ್ಷ್ಮ ಎಳೆ ತಡೆಯುವ ಪಿ-100 ಮಾಸ್ಕ್ ಹಾಕಿಕೊಂಡು, ನೀರು ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಬಿಗಿದು ಕಟ್ಟಿ. ಪತ್ರಾಸಿಗೆ ಡ್ರಿಲ್, ಗರಗಸ ತಾಗಿಸಬೇಡಿ. ಬದಲಿಸುವುದಿದ್ದರೆ ತೋಯಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಿ. ಅದರ ಮೇಲೆ ಯಾರೂ ಕಾಲಿಡಬಾರದು, ಹಳೆಯ ಪತ್ರಾಸು ಸದ್ದಿಲ್ಲದೆ ಮುರಿಯುತ್ತದೆ.

ನೆಲಕ್ಕೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಒಳಗಿದೆ, ಅಲ್ಲಿ ಹೊಸ ಸಿಮೆಂಟ್ ಹಾಕಿದರೆ ಹಪ್ಪಳದಂತೆ ಏಳುತ್ತದೆ. ಮರದ ಹೊಟ್ಟು ಹರಡಿ ಎರಡು ದಿನ ಬಿಡಿ, ಗುಡಿಸಿ, ಬಿಸಿನೀರು-ವಾಷಿಂಗ್ ಸೋಡಾದಲ್ಲಿ ಉಜ್ಜಿ. ಆಮೇಲೂ ಹನಿ ನಿಂತರೆ ಆ ಜಾಗವನ್ನು ಒಂದಿಂಚು ಕೆತ್ತಿಸದೆ ದಾರಿಯಿಲ್ಲ.

ಚಿತ್ರ ಬರೆಯುವವರಿಗೆ ಉತ್ತರದ ಗೋಡೆ ಕೊಡಿ, ಅಲ್ಲಿ ಬೆಳಕು ಸಮವಾಗಿರುತ್ತದೆ. ನಿಮ್ಮಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯನೂ ಕೊಂಚ ಉತ್ತರಕ್ಕಿರುತ್ತಾನೆ. ಆ ಕಿಟಕಿಗಳಿಗೆ ಚಜ್ಜಾ ಬೇಕು, ಬೆಳಗು-ಸಂಜೆಯ ಓರೆ ಬಿಸಿಲಿಗೆ ಬಿಳಿ ಪರದೆ. ಮಣ್ಣಿನವರು ಕೈ, ಪಾತ್ರೆಗಳನ್ನು ಬಕೆಟ್ಟಿನಲ್ಲೇ ತೊಳೆಯಲಿ. ರಾತ್ರಿಯಿಡೀ ಬಿಟ್ಟು ತಿಳಿಯಾದ ನೀರನ್ನಷ್ಟೇ ಚೆಲ್ಲಿ. ಮಣ್ಣು ಕೊಳವೆಯಲ್ಲಿ ಗಟ್ಟಿಯಾದರೆ ಒಡೆದೇ ತೆಗೆಯಬೇಕಾಗುತ್ತದೆ.

ಪ್ರಶ್ನೆ: ಬಾಡಿಗೆ ಶೆಡ್. ಮಾಲೀಕರು 11 ತಿಂಗಳ ಕರಾರು ಎನ್ನುತ್ತಾರೆ. ಮಗ್ಗದ ಮೀಟರಿನಲ್ಲೇ ಮಣ್ಣಿನ ಪಾತ್ರೆ ಸುಡುವ ವಿದ್ಯುತ್ ಭಟ್ಟಿ ನಡೆಸಬಹುದೇ?
– ಓದುಗರು, ವಡಗಾವಿ, ಬೆಳಗಾವಿ

ಉತ್ತರ: ನಡೆಸಬೇಡಿ. ಮಗ್ಗದ ದರದ ಕರೆಂಟನ್ನು ಬೇರೆ ಕೆಲಸಕ್ಕೆ ಬಳಸುವುದು ಅನಧಿಕೃತ ಬಳಕೆ, ದಂಡ ಎರಡು ಪಟ್ಟು ದರ. ಹೆಸ್ಕಾಂನಲ್ಲಿ ಮೊದಲು ವರ್ಗ ಬದಲಿಸಿಕೊಳ್ಳಿ. ನೆಲಕ್ಕೆ ಹಾಕುವ ದುಡ್ಡಿಗೆ 11 ತಿಂಗಳು ಸಾಲದು, ಐದು ವರ್ಷ ಕೇಳಿ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಬಿಡುವಾಗ ದುರಸ್ತಿ ಯಾರದು ಎಂಬುದನ್ನೂ ಬರೆಸಿ. ಏಳು ಮಂದಿ ಇದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿ ಅದರ ಹೆಸರಲ್ಲೇ ಸಹಿ ಹಾಕಬಹುದು.

6 ಕಿಲೋವ್ಯಾಟ್ ಭಟ್ಟಿ ಸಿಂಗಲ್ ಫೇಸಿನಲ್ಲಿ 26 ಆಂಪಿಯರ್ ಎಳೆಯುತ್ತದೆ, ಅದೂ ತಾಸುಗಟ್ಟಲೆ. 16 ಆಂಪಿಯರ್ ಸಾಕೆಟ್ ಇದಕ್ಕೆ ತಡೆಯುವುದಿಲ್ಲ. 10 ಚದರ ಮಿಲಿಮೀಟರ್ ತಾಮ್ರದ ತಂತಿ, 40 ಆಂಪಿಯರ್ ಎಂಸಿಬಿ, ಗಟ್ಟಿ ಅರ್ಥಿಂಗ್ ಹಾಕಿಸಿ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಭಟ್ಟಿ ಇಡಿ. ತೈಲವರ್ಣಕ್ಕೆ ಬಳಸುವ ಅಗಸೆ ಎಣ್ಣೆ ಒರೆಸಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಅದನ್ನು ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಭಟ್ಟಿಯಿಂದ ದೂರವಿಡಿ.