ಇಂಗ್ಲಿಷ್ ಗುಣವಾಚಕಗಳ ಅರ್ಥ ಗೊತ್ತಿದ್ದರೂ ವಾಕ್ಯದಲ್ಲಿ ಬಳಸುವಾಗ ತಪ್ಪಾಗುವುದೇಕೆ?

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪದವಿ ತರಗತಿಯಲ್ಲಿದ್ದೀರಿ. ಮುನ್ನೂರು ಇಂಗ್ಲಿಷ್ ಗುಣವಾಚಕಗಳನ್ನು ಕನ್ನಡ ಅರ್ಥದೊಂದಿಗೆ ಬಾಯಿಪಾಠ ಮಾಡಿದ್ದೀರಿ. ಆದರೂ ‘ಹೈ ಬಾಯ್’, ‘ಬಿಗ್ ರೇನ್’, ‘ಐ ಆ್ಯಮ್ ಬೋರಿಂಗ್’ ಎಂದು ಬರೆದ ಕಡೆಯಲ್ಲೆಲ್ಲ ಕೆಂಪು ಗೆರೆ ಬಿದ್ದಿದೆ, ಅರ್ಥ ಸರಿಯಿದ್ದರೂ ತಪ್ಪು ಹೇಗೆ ಎಂದು ಕೇಳಿದ್ದೀರಿ. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ಇದೇ ಪ್ರಶ್ನೆಯನ್ನು ಎಷ್ಟೋ ಮಕ್ಕಳ ಮುಖದಲ್ಲಿ ಕಂಡಿದ್ದೇನೆ. ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಆ ಪಟ್ಟಿಯಲ್ಲಿ.

ಮೊದಲು ನಮ್ಮ ‘ಗಟ್ಟಿ’ ಎಂಬ ಪದವನ್ನೇ ನೋಡಿ. ಮೊಸರು ಗಟ್ಟಿ, ದನಿ ಗಟ್ಟಿ, ಹಗ್ಗ ಗಟ್ಟಿ, ನೆಲ ಗಟ್ಟಿ. ನಮಗೆ ಎಲ್ಲವೂ ಒಂದೇ ಪದ. ಇಂಗ್ಲಿಷಿನಲ್ಲಿ ಮೊಸರಿಗೆ ‘ಥಿಕ್’, ದನಿಗೆ ‘ಲೌಡ್’, ಹಗ್ಗಕ್ಕೆ ‘ಸ್ಟ್ರಾಂಗ್’, ನೆಲಕ್ಕೆ ‘ಹಾರ್ಡ್’ ಬೇಕು. ‘ಹಸಿ’ ಇನ್ನೂ ಸ್ವಾರಸ್ಯವಾದದ್ದು. ಹಸಿ ತರಕಾರಿ ‘ರಾ’, ಹಸಿ ಮೆಣಸಿನಕಾಯಿ ‘ಗ್ರೀನ್’, ಹಸಿ ಗೋಡೆ ‘ಡ್ಯಾಂಪ್’, ಹಸಿ ಸುಳ್ಳು ‘ಬ್ಲೇಟಂಟ್’. ಕನ್ನಡ ಕಲಿಯುವ ಪರಭಾಷಿಕನೊಬ್ಬ ‘ಹಸಿ ಎಂದರೆ ರಾ’ ಎಂದಷ್ಟೇ ಬರೆದುಕೊಂಡರೆ ಅವನಿಗೆ ಹಸಿ ಸುಳ್ಳು ಹೇಗೆ ತಿಳಿಯಬೇಕು? ನಿಮ್ಮ ಪಟ್ಟಿ ನಿಮಗೆ ಮಾಡಿರುವುದೂ ಅದನ್ನೇ. ಗುಣವಾಚಕವನ್ನು ಅದರ ನಾಮಪದದಿಂದ ಕಿತ್ತು ಒಂಟಿಯಾಗಿ ನಿಲ್ಲಿಸಿದೆ.

ಈಗ ‘ಹೆವಿ’ಗೆ ಬನ್ನಿ. ಪಟ್ಟಿಯಲ್ಲಿ ಅದರ ಅರ್ಥ ‘ಭಾರವಾದ’ ಎಂದಿರುತ್ತದೆ. ಚೀಲದ ಮಟ್ಟಿಗೆ ಅದು ನಿಜ. ಆದರೆ ‘ಹೆವಿ ರೇನ್’ ಎಂದರೆ ಜೋರು ಮಳೆ, ‘ಹೆವಿ ಟ್ರಾಫಿಕ್’ ಎಂದರೆ ದಟ್ಟ ವಾಹನ ಸಂಚಾರ, ‘ಹೆವಿ ಸ್ಮೋಕರ್’ ಎಂದರೆ ವಿಪರೀತ ಸಿಗರೇಟು ಸೇದುವವನು. ಗಾಳಿಯೂ ನಮಗೆ ಜೋರೇ, ಆದರೆ ಇಂಗ್ಲಿಷಿನಲ್ಲಿ ಅದು ‘ಸ್ಟ್ರಾಂಗ್ ವಿಂಡ್’. ಮಳೆಗೆ ಒಂದು, ಗಾಳಿಗೆ ಇನ್ನೊಂದು ಏಕೆ ಎಂದರೆ ಅದಕ್ಕೆ ತರ್ಕದ ಉತ್ತರವಿಲ್ಲ. ಆ ಭಾಷೆಯ ಜನ ಹಾಗೆ ಜೋಡಿಸುತ್ತಾ ಬಂದಿದ್ದಾರೆ, ಅಷ್ಟೇ. ಆದ್ದರಿಂದ ‘ಬಿಗ್ ರೇನ್’ ವ್ಯಾಕರಣದ ತಪ್ಪಲ್ಲ, ಜೋಡಿಯ ತಪ್ಪು.

‘ಟಾಲ್’ ಮತ್ತು ‘ಹೈ’ ವಿಷಯದಲ್ಲಿ ಸ್ವಲ್ಪ ತರ್ಕ ಸಿಗುತ್ತದೆ. ಮನುಷ್ಯ, ಮರ, ಕಂಬ, ಗೋಪುರದಂತೆ ನೆಟ್ಟಗೆ ನಿಂತು ಅಗಲಕ್ಕಿಂತ ಎತ್ತರವೇ ಎದ್ದು ಕಾಣುವಂಥವು ‘ಟಾಲ್’. ಬೆಟ್ಟ, ಗೋಡೆ, ಜ್ವರ, ಬೆಲೆ ಇವೆಲ್ಲ ‘ಹೈ’. ತರಗತಿಯಲ್ಲಿ ನಾನು ಶ್ರವಣಬೆಳಗೊಳವನ್ನು ನೆನಪಿಸುತ್ತಿದ್ದೆ: ಗೊಮ್ಮಟನ ಎತ್ತರಕ್ಕೆ ‘ಟಾಲ್’, ಅವನು ನಿಂತಿರುವ ವಿಂಧ್ಯಗಿರಿಯ ಎತ್ತರಕ್ಕೆ ‘ಹೈ’. ಒಮ್ಮೆ ಪ್ರವಾಸದಲ್ಲಿ ಆ ಮೆಟ್ಟಿಲುಗಳನ್ನು ಹತ್ತಿ ಬಂದ ಮಕ್ಕಳು ಈ ವ್ಯತ್ಯಾಸವನ್ನು ಮತ್ತೆ ಮರೆಯಲಿಲ್ಲ.

ಪದದ ಅರ್ಥವನ್ನು ಅದರ ಒಡನಾಡಿ ಪದಗಳಲ್ಲಿ ಹುಡುಕಬೇಕು ಎಂದು 1950ರ ದಶಕದಲ್ಲಿ ಒತ್ತಿ ಹೇಳಿದವರು ಜೆ. ಆರ್. ಫರ್ತ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ. ಅದಕ್ಕೆ ಬಹಳ ಮುಂಚೆ ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ನಮ್ಮಂಥ ವಿದ್ಯಾರ್ಥಿಗಳ ಇಂಗ್ಲಿಷನ್ನು ಹತ್ತಿರದಿಂದ ಕಂಡವರ ಮಾತು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಇನ್ನಷ್ಟು ನಂಬಿಕೆ.

‘ಐ ಆ್ಯಮ್ ಬೋರಿಂಗ್’ ಬೇರೆ ಬಗೆಯ ತಪ್ಪು. ಇಲ್ಲಿ ನಿಮ್ಮ ಕನ್ನಡವೇ ನಿಮಗೆ ಆಸರೆಯಾಗಬಲ್ಲದು. ‘ಬೋರಿಂಗ್’ ಎಂದರೆ ಬೇಸರ ತರಿಸುವ, ‘ಬೋರ್ಡ್’ ಎಂದರೆ ಬೇಸರಗೊಂಡ. ನೀವು ಬರೆದ ವಾಕ್ಯಕ್ಕೆ ‘ನಾನು ಇತರರಿಗೆ ಬೇಸರ ತರಿಸುವ ವ್ಯಕ್ತಿ’ ಎಂಬ ಅರ್ಥ ಬರುತ್ತದೆ. ಹಾಗೆಯೇ ‘ಟೈರಿಂಗ್’ ಎಂದರೆ ದಣಿಸುವ, ‘ಟೈರ್ಡ್’ ಎಂದರೆ ದಣಿದ. ‘ಕನ್‌ಫ್ಯೂಸಿಂಗ್’ ಎಂದರೆ ಗೊಂದಲಗೊಳಿಸುವ, ‘ಕನ್‌ಫ್ಯೂಸ್ಡ್’ ಎಂದರೆ ಗೊಂದಲಗೊಂಡ. ನಮ್ಮ ಕೃದಂತಗಳಲ್ಲಿ ಈ ಭೇದ ಎಷ್ಟು ಸ್ಪಷ್ಟವಾಗಿದೆ ನೋಡಿ. ಪಟ್ಟಿಯಲ್ಲಿ ಎರಡರ ಎದುರೂ ಬರಿದೇ ‘ಬೇಸರ’ ಎಂದು ಬರೆದುಕೊಂಡರೆ ಅದು ಮುಚ್ಚಿಹೋಗುತ್ತದೆ. ಬರೆಯುವ ಮುನ್ನ ‘ದಣಿಸುವ’ ಎನ್ನಬೇಕೋ ‘ದಣಿದ’ ಎನ್ನಬೇಕೋ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ. ಮೊದಲನೆಯದಾದರೆ ಕೊನೆಗೆ ‘ಇಂಗ್’, ಎರಡನೆಯದಾದರೆ ‘ಇಡಿ’. ಈ ಒಂದು ಅಭ್ಯಾಸದಿಂದ ನನ್ನ ಎಷ್ಟೋ ವಿದ್ಯಾರ್ಥಿಗಳು ಈ ತಪ್ಪಿನಿಂದ ಪೂರ್ತಿ ಹೊರಬಂದಿದ್ದಾರೆ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಕನ್ನಡದಲ್ಲಿ ಗುಣವಾಚಕ ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ ಕೆಲವು ಗುಣವಾಚಕಗಳು ಜಾಗ ಬದಲಿಸುತ್ತವೆ, ಜಾಗದೊಂದಿಗೆ ಅರ್ಥವೂ ಬದಲಾಗುತ್ತದೆ. ‘ಸಂಬಂಧಪಟ್ಟ ಅಧಿಕಾರಿ’ ಎಂಬುದನ್ನು ನಮ್ಮ ಕಚೇರಿ ಪತ್ರಗಳಲ್ಲಿ ‘ದ ಕನ್ಸರ್ನ್ಡ್ ಆಫೀಸರ್’ ಎಂದು ಬರೆಯುವುದು ರೂಢಿ. ಭಾರತದೊಳಗೆ ಅದು ನಡೆಯುತ್ತದೆ. ಹೊರಗಿನ ಓದುಗನಿಗೆ ಮಾತ್ರ ಅದು ‘ಚಿಂತೆಗೊಳಗಾದ ಅಧಿಕಾರಿ’ ಎಂದು ಕೇಳಿಸುತ್ತದೆ. ಸಂಬಂಧಪಟ್ಟವರು ಎನ್ನಬೇಕಾದರೆ ‘ದ ಆಫೀಸರ್ ಕನ್ಸರ್ನ್ಡ್’ ಎಂದು ಪದವನ್ನು ಹೆಸರಿನ ನಂತರ ಇಡಬೇಕು. ‘ಲೇಟ್’ ಇನ್ನೂ ಸೂಕ್ಷ್ಮ. ‘ದ ಹೆಡ್‌ಮಾಸ್ಟರ್ ಈಸ್ ಲೇಟ್’ ಎಂದರೆ ಅವರು ತಡವಾಗಿದ್ದಾರೆ. ‘ದ ಲೇಟ್ ಹೆಡ್‌ಮಾಸ್ಟರ್’ ಎಂದರೆ ಅವರು ಈಗ ಇಲ್ಲ. ಶಾಲೆಯ ವಾರ್ಷಿಕ ಸಂಚಿಕೆಗೆ ಬರೆದ ಹುಡುಗಿಯೊಬ್ಬಳು ನಿವೃತ್ತರಾದ ಹಿಂದಿನ ಮುಖ್ಯೋಪಾಧ್ಯಾಯರನ್ನು ಪ್ರೀತಿಯಿಂದ ನೆನೆಯುತ್ತಾ ‘ಲೇಟ್’ ಎಂಬ ಪದ ಬಳಸಿದ್ದಳು. ಅಚ್ಚಿಗೆ ಹೋಗುವ ಮುನ್ನ ಕಣ್ಣಿಗೆ ಬಿದ್ದದ್ದು ಪುಣ್ಯ.

‘ಅಸ್ಲೀಪ್’, ‘ಅಫ್ರೇಡ್’, ‘ಅಲೈವ್’ ಇಂಥವು ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಕೂರುವುದಿಲ್ಲ. ‘ದ ಬೇಬಿ ಈಸ್ ಅಸ್ಲೀಪ್’ ಸರಿ, ‘ಅಸ್ಲೀಪ್ ಬೇಬಿ’ ಸಲ್ಲದು, ‘ಸ್ಲೀಪಿಂಗ್ ಬೇಬಿ’ ಎನ್ನಬೇಕು. ಇನ್ನು ನಮ್ಮ ‘ಐತಿಹಾಸಿಕ’ಕ್ಕೆ ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ 1 ‘ಹಿಸ್ಟಾರಿಕ್’ ದಿನ. ಚರಿತ್ರೆಯನ್ನು ವಸ್ತುವಾಗಿಸಿಕೊಂಡ ಕಾದಂಬರಿ ‘ಹಿಸ್ಟಾರಿಕಲ್’.

ಹಾಗಾದರೆ ಏನು ಮಾಡಬೇಕು? ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಹೊಸ ನೋಟ್‌ಬುಕ್ ತೆಗೆದುಕೊಳ್ಳಿ. ಒಂಟಿ ಗುಣವಾಚಕವನ್ನು ಅದರಲ್ಲಿ ಎಂದೂ ಬರೆಯಬೇಡಿ. ನಾಮಪದದೊಂದಿಗೆ, ಸಾಧ್ಯವಾದರೆ ಇಡೀ ವಾಕ್ಯವಾಗಿ ಬರೆಯಿರಿ. ಇಂಗ್ಲಿಷ್–ಕನ್ನಡ ನಿಘಂಟಿನ ಜೊತೆಗೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟೊಂದು ಇರಲಿ. ಅಂಥ ನಿಘಂಟುಗಳಿಗೆ ದಾರಿ ಹಾಕಿದವರಲ್ಲಿ ಎ. ಎಸ್. ಹಾರ್ನ್‌ಬಿ ಮುಖ್ಯರು. ಅವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ಸಹೋದ್ಯೋಗಿಗಳೊಂದಿಗೆ ಅವರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಜಪಾನಿನಲ್ಲೇ ಮೊದಲು ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಇಂಗ್ಲಿಷ್ ಮನೆಮಾತಲ್ಲದವರು ಎಲ್ಲಿ ಎಡವುತ್ತಾರೆ ಎಂಬುದು ಅದನ್ನು ಮಾಡಿದವರಿಗೆ ಗೊತ್ತಿತ್ತು. ಇಂಥ ನಿಘಂಟುಗಳಲ್ಲಿ ಅರ್ಥಕ್ಕಿಂತ ಅದರ ಕೆಳಗಿರುವ ಉದಾಹರಣೆ ವಾಕ್ಯಗಳನ್ನು ಓದಿ.

ದಿನಕ್ಕೆ ಮೂರು ಜೋಡಿ ಸಾಕು. ಇಂದು ‘ಗಟ್ಟಿ’ಯಿಂದಲೇ ಶುರು ಮಾಡಿ: ಗಟ್ಟಿ ಕಾಫಿ, ಗಟ್ಟಿ ನಿರ್ಧಾರ, ಗಟ್ಟಿ ಬಾಗಿಲು. ಮೂರಕ್ಕೂ ಇಂಗ್ಲಿಷಿನಲ್ಲಿ ಯಾವ ಯಾವ ಪದ ಬರುತ್ತದೆ ಎಂದು ಹುಡುಕಿ ಬರೆಯಿರಿ. ನಾನು ನೋಡಿ ತಿದ್ದಿಕೊಡುತ್ತೇನೆ.