ಬಿಸಿಯಾದರೆ ಬಂದ್ ಬೀಳುವ ಹಳೆ ಬುಲೆಟ್: ಕಾರ್ಬ್ಯುರೇಟರ್ ಬದಲಿಸಬೇಕಾ?

ಪ್ರಶ್ನೆ: ಸರ್, ನಮ್ಮ ತಂದೆಯವರ ಕಾಲದ ಬುಲೆಟ್ 350 ಇದೆ. ಪಾಯಿಂಟ್ ಸೆಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಹಳೆ ಕಾಲದ ಸ್ವಿಚ್) ಇರುವ ಗಾಡಿ, ಮಿಕ್‌ಕಾರ್ಬ್ ಕಾರ್ಬ್ಯುರೇಟರ್. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಶಹಾಬಾದ್‌ನಿಂದ ಕಲಬುರಗಿಗೆ ಬಂದು ನಿಲ್ಲಿಸಿದರೆ ಮುಗೀತು, ಅರ್ಧ ತಾಸು ಎಷ್ಟು ಕಿಕ್ ಹೊಡೆದರೂ ಏಳಲ್ಲ. ಬಿಸಿಯಾದ ಮೇಲೆ ಐಡ್ಲಿಂಗ್ ತಾನಾಗಿ ಏರುತ್ತದೆ. ರೇಸ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು. ಮೆಕ್ಯಾನಿಕ್ ಹೊಸ ಕಾರ್ಬ್ ಹಾಕಿಸಿ ಅಂತಾರೆ. ಹಾಕಿಸಲಾ?
– ಓದುಗರು, ಶಹಾಬಾದ್

ಉತ್ತರ: ಈಗಲೇ ಬೇಡ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗೆ ಕಾಣುತ್ತದೆ. ಎರಡನ್ನೂ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ ತಲೆಗೆ ಕಟ್ಟಿದರೆ ದುಡ್ಡು ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಬಿಸಿಯಾಗಿ ನಿಂತ ಗಾಡಿ ಏಳದಿದ್ದರೆ ಮೊದಲು ಕಂಡೆನ್ಸರ್ (ಪಾಯಿಂಟ್ ಜೊತೆಗಿರುವ, ಕಿಡಿಗೆ ಬಲ ಕೊಡುವ ಪುಟ್ಟ ಭಾಗ) ಮೇಲೆ ಅನುಮಾನ ಪಡಿ. ಕೆಟ್ಟ ಕಂಡೆನ್ಸರ್ ತಣ್ಣಗಿದ್ದಾಗ ಕೆಲಸ ಮಾಡಿ, ಬಿಸಿಯಾದಾಗ ಕೈ ಕೊಡುತ್ತದೆ. ಗಾಡಿ ಹಟ ಮಾಡಿದ ಆ ಹೊತ್ತಿನಲ್ಲೇ ಪ್ಲಗ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಪ್ಲಗ್ ತೂತಿನಿಂದ ದೂರ ಇಂಜಿನ್‌ಗೆ ತಾಗಿಸಿ ಕಿಕ್ ಮಾಡಿ. ಕಿಡಿ ನೀಲಿಯಾಗಿ ಚಟ್ ಅನ್ನಬೇಕು. ಹಳದಿಯಾಗಿ ಮಂಕಾಗಿದ್ದರೆ ಕಂಡೆನ್ಸರ್ ಬದಲಿಸಿ, ಪಾಯಿಂಟ್ ಗ್ಯಾಪ್ ನೋಡಿಸಿ. ವಾಲ್ವ್ ತಳ್ಳುವ ಟ್ಯಾಪೆಟ್ ತೀರಾ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ.

ಏರುವ ಐಡ್ಲಿಂಗ್ ಮತ್ತು ಪಟಪಟ ಸದ್ದಿನ ಕಥೆ ಬೇರೆ. ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಹೋಗ್ತಿದೆ. ಪ್ಲಗ್ ತುದಿ ಬೆಳ್ಳಗಿದ್ದರೆ ಖಾತ್ರಿ. ಬಹುತೇಕ ಹಳೆ ಬುಲೆಟ್‌ಗಳಲ್ಲಿ ಕಾರ್ಬ್ ಇಂಜಿನ್‌ಗೆ ಕೂಡುವ ಜಾಗದಲ್ಲೇ ಕಳ್ಳಗಾಳಿ ನುಗ್ಗುತ್ತದೆ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸಿರಿಂಜ್‌ನಿಂದ ಆ ಜೋಡಣೆಯ ಸುತ್ತ ಹನಿ ಹನಿ ನೀರು ಬಿಡಿ. ಇಂಜಿನ್ ಸದ್ದು ಬದಲಾದರೆ ಲೀಕ್ ಅಲ್ಲೇ. ಇದಕ್ಕೆ ಪೆಟ್ರೋಲ್ ಮಾತ್ರ ಬಳಸಬೇಡಿ, ಬೆಂಕಿ ಹತ್ತುತ್ತದೆ. ಎರಡು ನಟ್ ವಿಪರೀತ ಬಿಗಿ ಮಾಡಿ ಮಾಡಿ ಕಾರ್ಬ್‌ನ ಫ್ಲೇಂಜ್ (ಇಂಜಿನ್‌ಗೆ ಕೂಡುವ ಚಪ್ಪಟೆ ಅಂಚು) ಬಾಗಿರುತ್ತದೆ. ಕಾರ್ಬ್ ಕಳಚಿ ಗಾಜಿನ ಮೇಲೆ ಫ್ಲೇಂಜ್ ಇಟ್ಟು ನೋಡಿ. ಅಲುಗಾಡಿದರೆ ಅದೇ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ, ನೀರು ಹಾಕಿ ತಿಕ್ಕಿ ಸಮ ಮಾಡಿಸಿ. ಹೊಸ ಪ್ಯಾಕಿಂಗ್ ಹಾಕಿಸಿ.

ಲೀಕ್ ಇಲ್ಲವಾದರೆ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ತೂತಿನ ಸ್ಕ್ರೂ) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ತೂತು, ಆದರೆ ದುಂಡಗೆ ಸ್ಪಷ್ಟವಾಗಿ ಕಾಣಬೇಕು. ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಸಾಕು.

ಟ್ಯೂನಿಂಗ್ ಇದೆಲ್ಲ ಆದ ಮೇಲೆ. ಹತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ. ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಅಲ್ಲಿಂದ ಕಾಲು ಕಾಲು ಸುತ್ತು ಆಚೀಚೆ ತಿರುಗಿಸುತ್ತಾ ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗ ಹುಡುಕಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಸ್ಪೀಡ್ ಇಳಿಸಿ. ಈ ಕಾರ್ಬ್‌ನಲ್ಲಿ ಏರ್ ಸ್ಕ್ರೂ ಒಳಗೆ ಹೋದರೆ ಪೆಟ್ರೋಲ್ ಪಾಲು ಜಾಸ್ತಿ, ಹೊರಗೆ ಬಂದರೆ ಗಾಳಿ ಜಾಸ್ತಿ. ಅರ್ಧ ರೇಸ್‌ನಲ್ಲಿ ಎಳೆತ ಇಲ್ಲದಿದ್ದರೆ ಈ ಸ್ಕ್ರೂ ತಿರುಗಿಸಿ ಲಾಭವಿಲ್ಲ, ಅಲ್ಲಿ ಕಾರ್ಬ್ ಒಳಗೆ ರೇಸ್ ಜೊತೆ ಏರಿಳಿಯುವ ಸೂಜಿ, ಅಂದರೆ ನೀಡಲ್‌ನದೇ ಕಾರುಬಾರು. ಈಗ ಬಂಕ್‌ನಲ್ಲಿ ಸಿಗುವುದು ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲ್, ಅಲ್ವಾ? ಎಥೆನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಹಳೆ ಸೆಟ್ಟಿಂಗ್‌ನಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ. ನೀಡಲ್ ಕ್ಲಿಪ್ ಒಂದು ಗೀರು ಕೆಳಗೆ ಹಾಕಿದರೆ ನೀಡಲ್ ಮೇಲೇರುತ್ತದೆ, ಸರಿಹೋಗಬಹುದು.

ಇಷ್ಟಾದರೂ ಐಡ್ಲಿಂಗ್ ನಿಲ್ಲದೆ, ನೀಡಲ್ ಹಿಡಿದಿರುವ ಸ್ಲೈಡ್ ಗಡಗಡ ಅಲುಗಾಡುತ್ತಿದ್ದರೆ ಆಗ ಹೊಸ ಕಾರ್ಬ್ ಹಾಕಿಸಿ. ನಿಮ್ಮ ಮೆಕ್ಯಾನಿಕ್ ಮಾತು ಆಗ ಸರಿ.

ಪ್ರಶ್ನೆ: ಕಲಬುರಗಿಯಲ್ಲಿ ಹಳೆ ಯೆಜ್ಡಿ ಕೊಂಡು ಬೀದರ್‌ಗೆ ತಂದೆ. ವಿಪರೀತ ಹೊಗೆ. ನಿಲ್ಲಿಸಿದಾಗ ಕಾರ್ಬ್‌ನಿಂದ ಪೆಟ್ರೋಲ್ ಸೋರುತ್ತದೆ. ಬೀದರ್ ಎತ್ತರದಲ್ಲಿದೆ, ಜೆಟ್ ಬದಲಿಸಿ ಅಂತಾರೆ. ನಿಜವಾ?
– ಓದುಗರು, ಬೀದರ್

ಉತ್ತರ: ಬೀದರ್ ಕಲಬುರಗಿಗಿಂತ ಸುಮಾರು 250 ಮೀಟರ್ ಎತ್ತರ ಅಷ್ಟೇ. ಎತ್ತರದಲ್ಲಿ ಗಾಳಿ ತೆಳುವಾಗುವುದು ನಿಜ, ಆದರೆ ಅಷ್ಟಕ್ಕೆ ಜೆಟ್ ಬದಲಿಸಬೇಕಿಲ್ಲ. ಸೋರುವುದು ಕಾರ್ಬ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದು, ಇಲ್ಲವೇ ಅದರಡಿ ಕಸ ಸಿಕ್ಕಿ. ಫ್ಲೋಟ್ (ಕಾರ್ಬ್‌ನ ಪೆಟ್ರೋಲ್‌ನಲ್ಲಿ ತೇಲುವ ಭಾಗ) ಬಿಚ್ಚಿ ಕಿವಿ ಹತ್ತಿರ ಅಲುಗಾಡಿಸಿ, ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ. ಸರಿಯಾಗುವ ತನಕ ನಿಲ್ಲಿಸಿದಾಗೆಲ್ಲ ಪೆಟ್ರೋಲ್ ಕಾಕ್ ಬಂದ್ ಮಾಡಿ. ಏರ್ ಫಿಲ್ಟರ್ ಧೂಳು ಹಿಡಿದಿದ್ದರೂ, ಟೂ-ಸ್ಟ್ರೋಕ್ ಗಾಡಿಯಾದ್ದರಿಂದ ಪೆಟ್ರೋಲ್‌ಗೆ ಬೆರೆಸುವ ಆಯಿಲ್ ಜಾಸ್ತಿ ಬಿದ್ದರೂ ಹೊಗೆ ಬರುತ್ತದೆ. ಇದೆಲ್ಲ ಸರಿ ಇದ್ದೂ ಹೊಗೆ ನಿಲ್ಲದಿದ್ದರೆ ಗೇರ್ ಆಯಿಲ್ ಮಟ್ಟ ನೋಡಿ. ಅದು ಇಳಿಯುತ್ತಿದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ, ಇಂಜಿನ್ ಗೇರ್ ಆಯಿಲನ್ನೇ ಎಳೆದು ಸುಡುತ್ತಿದೆ. ಹಾಗಿದ್ದರೆ ಕಾರ್ಬ್ ಮುಟ್ಟಬೇಡಿ, ಇಂಜಿನ್ ಬಿಚ್ಚಿ ಸೀಲ್ ಹಾಕಿಸಿ.