ಡಿಸೈನ್ ಇಂಜಿನಿಯರನ ದಿನ ಎಲ್ಲಿ ಕಳೆಯುತ್ತದೆ?

ಪ್ರಶ್ನೆ ಕೇಳಿದವರು ಗದಗಿನಲ್ಲಿ ಮೆಕ್ಯಾನಿಕಲ್ ಅಂತಿಮ ವರ್ಷ ಓದುತ್ತಿದ್ದಾರೆ. ಡಿಸೈನ್ ಕೆಲಸಕ್ಕೆ ಸೇರಿದರೆ ದಿನನಿತ್ಯ ಎದುರಾಗುವ ತೊಂದರೆಗಳೇನು, ಕಾಲೇಜಿನಲ್ಲಿ ಕಲಿತ ಲೆಕ್ಕಗಳು ಅಲ್ಲಿ ಎಷ್ಟರ ಮಟ್ಟಿಗೆ ಬಳಕೆಗೆ ಬರುತ್ತವೆ ಎಂಬುದು ಅವರ ಪ್ರಶ್ನೆ. ನಾನು ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಫಿಕ್ಸ್ಚರ್‌ಗಳು (ಕೆಲಸ ನಡೆಯುವಾಗ ಭಾಗವನ್ನು ಅಲುಗದಂತೆ ಹಿಡಿದಿಡುವ ಸಾಧನಗಳು), ವಾಲ್ವ್ ಬಿಡಿಭಾಗಗಳು ಮತ್ತು ಗಿರಾಕಿಯ ಅಗತ್ಯಕ್ಕೆ ತಕ್ಕಂತೆ ಕಟ್ಟುವ ಸಣ್ಣ ಯಂತ್ರಗಳ ಡಿಸೈನ್ ಮಾಡುತ್ತೇನೆ. ಆ ಅನುಭವದ ಮಿತಿಯಲ್ಲಿಯೇ ಉತ್ತರಿಸುತ್ತೇನೆ.

ಶಾಫ್ಟ್ ಮುರಿಯುತ್ತದೆಯೇ, ಪ್ಲೇಟ್ ಬಾಗುತ್ತದೆಯೇ ಎಂಬ ಲೆಕ್ಕಗಳಿಗೆ ನನ್ನ ವಾರದ ಬಹಳ ಚಿಕ್ಕ ಭಾಗ ಮಾತ್ರ ಹೋಗುತ್ತದೆ. ಉಳಿದ ಹೆಚ್ಚಿನ ಸಮಯ ಕಳೆಯುವುದು ಡ್ರಾಯಿಂಗಿನಲ್ಲಿ ಬರೆಯದೇ ಉಳಿದ ಸಂಗತಿಗಳನ್ನು, ಅಥವಾ ಬರೆದಿದ್ದರೂ ಮಾಡುವವನ ಕೈಗೆ ತಲುಪದ ಸಂಗತಿಗಳನ್ನು ಬೆನ್ನು ಹತ್ತುವುದರಲ್ಲಿ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 25 ಮಿಲಿಮೀಟರ್ ವ್ಯಾಸದ ಒಂದು ಪಿನ್ನು ತೂತಿನಲ್ಲಿ ಸಲೀಸಾಗಿ ಜಾರಬೇಕಿತ್ತು. ಗಿರಾಕಿ ಕಳುಹಿಸಿದ ಡ್ರಾಯಿಂಗಿನಲ್ಲಿ ಪಠ್ಯಪುಸ್ತಕದಲ್ಲಿರುವಂತೆಯೇ ಎಚ್7/ಜಿ6 ಫಿಟ್ (ತೂತು ಮತ್ತು ಪಿನ್ನಿನ ನಡುವೆ ಎಷ್ಟು ಸಡಿಲು ಇರಬೇಕೆಂದು ಹೇಳುವ ಸಂಕೇತ) ನಮೂದಾಗಿತ್ತು. ಅಂದರೆ ತೂತು 25.000ರಿಂದ 25.021, ಪಿನ್ನು 24.980ರಿಂದ 24.993, ಅತ್ಯಂತ ಬಿಗಿಯಾದ ಸಂದರ್ಭದಲ್ಲಿಯೂ 7 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಏಳು ಭಾಗ) ಸಡಿಲು ಉಳಿಯಬೇಕು. ಅದೇ ಡ್ರಾಯಿಂಗಿನ ಮೂಲೆಯಲ್ಲಿ ಪಿನ್ನಿಗೆ 8 ಮೈಕ್ರಾನ್ ಸತುವಿನ ಲೇಪನ ಆಗಬೇಕೆಂದೂ ಬರೆದಿತ್ತು. ಲೇಪನ ಸುತ್ತಲೂ ಕೂರುವುದರಿಂದ ವ್ಯಾಸ ಬೆಳೆಯುವುದು 8 ಅಲ್ಲ, 16 ಮೈಕ್ರಾನ್. ಹಾಗಾಗಿ ಲೇಪನವಾಗಿ ಬಂದ ಪಿನ್ನುಗಳು 24.996ರಿಂದ 25.009ರ ನಡುವೆ ಹರಡಿಕೊಂಡವು. ಕೆಲವು ಕೂತವು, ಕೆಲವು ಅರ್ಧಕ್ಕೆ ನಿಂತವು. ವಿದ್ಯುತ್ ಲೇಪನವು ಅಂಚುಗಳಲ್ಲಿ ಇನ್ನೂ ದಪ್ಪವಾಗಿ ಕೂರುವುದರಿಂದ ಪಿನ್ನಿನ ತುದಿಗಳೇ ಹೆಚ್ಚು ಹಟ ಮಾಡಿದವು.

ಇಲ್ಲಿ ತಪ್ಪು ಯಾರದು ಎಂದು ಹುಡುಕಲು ಸಭೆ ಕರೆಯಲಾಯಿತು. ಗ್ರೈಂಡಿಂಗ್ ಮಾಡಿದವರು ಅಳತೆಯೊಳಗೇ ಕೊಟ್ಟಿದ್ದರು, ಲೇಪನದವರು ಕೇಳಿದಷ್ಟೇ ಹಾಕಿದ್ದರು, ತಪಾಸಣೆಯವರ ಬಳಿ ಎರಡೂ ಹಂತದ ಸಹಿ ಇತ್ತು. ನಮೂದಾದ ಅಳತೆಯು ಲೇಪನಕ್ಕೆ ಮುಂಚಿನದೋ ನಂತರದ್ದೋ ಎಂಬ ಒಂದು ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ. ಲೇಪನಕ್ಕೆ ಮುಂಚೆ 24.964ರಿಂದ 24.977 ಎಂದು ಬರೆದಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಈ ಲೆಕ್ಕಕ್ಕೆ ಬೇಕಾದದ್ದು ಪ್ರಾಥಮಿಕ ಶಾಲೆಯ ವ್ಯವಕಲನ ಮಾತ್ರ. ಆದರೆ ಅದನ್ನು ಮಾಡಬೇಕೆಂದು ಹೊಳೆಯಲು ಲೇಪನದ ತೊಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿರಬೇಕಾಗುತ್ತದೆ.

ಎರಡನೆಯದು ನಮ್ಮ ಭಾಗದ ಬೇಸಿಗೆಯ ಕೊಡುಗೆ. ಉದ್ದಳತೆಗಳೆಲ್ಲವೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನ್ವಯಿಸುತ್ತವೆ ಎಂಬುದು ಅಂತರರಾಷ್ಟ್ರೀಯ ನಿಯಮ. ಐಎಸ್‌ಒ ಸಂಸ್ಥೆಯ ಮಾನದಂಡಗಳ ಪೈಕಿ ಕ್ರಮಸಂಖ್ಯೆ 1 ಹೊತ್ತಿರುವುದೇ ಇದು. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡಿನೊಳಗೆ 38 ಡಿಗ್ರಿ ಇರುವಾಗ ಯಂತ್ರದಿಂದ ಇಳಿಸಿದ 200 ಮಿಲಿಮೀಟರಿನ ಅಲ್ಯೂಮಿನಿಯಂ ಭಾಗವನ್ನು ಅಳೆದರೆ ಅದು ತನ್ನ ನಿಜವಾದ ಉದ್ದಕ್ಕಿಂತ ಸುಮಾರು 0.08 ಮಿಲಿಮೀಟರ್ ಹಿಗ್ಗಿರುತ್ತದೆ. ಅಳೆಯುವ ಉಕ್ಕಿನ ಮೈಕ್ರೋಮೀಟರ್ ಕೂಡ ಅದೇ ಶಾಖದಲ್ಲಿ ಅದರರ್ಧದಷ್ಟು ಹಿಗ್ಗಿರುವುದರಿಂದ ವ್ಯತ್ಯಾಸ ಸುಮಾರು 0.04ಕ್ಕೆ ಇಳಿಯುತ್ತದೆ. ಶೆಡ್ಡಿನಲ್ಲಿ ಕರಾರುವಾಕ್ಕಾಗಿ 200.00 ತೋರಿಸಿದ ಭಾಗವು ಗಿರಾಕಿಯ ಹವಾನಿಯಂತ್ರಿತ ಕೋಣೆಯಲ್ಲಿ 199.96 ಆಗುತ್ತದೆ. ಸಹಿಷ್ಣುತೆ (ಅಳತೆಯಲ್ಲಿ ಒಪ್ಪಬಹುದಾದ ಏರುಪೇರು) ಪ್ಲಸ್ ಮೈನಸ್ 0.02 ಇದ್ದರೆ ಮಾಲು ವಾಪಸು. ಎರಡೂ ಕಡೆಯವರ ಉಪಕರಣಗಳಿಗೆ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಇರುತ್ತದೆ, ಇಬ್ಬರೂ ಪ್ರಾಮಾಣಿಕರೇ ಆಗಿರುತ್ತಾರೆ, ಆದರೂ ಇಮೇಲುಗಳು ಬಿಸಿಯೇರುತ್ತವೆ. ಉಕ್ಕಿನ ಭಾಗವಾಗಿದ್ದರೆ ಉಪಕರಣವೂ ಭಾಗವೂ ಬಹುತೇಕ ಸಮನಾಗಿ ಹಿಗ್ಗುವುದರಿಂದ ಈ ತಗಾದೆ ಏಳುತ್ತಲೇ ಇರಲಿಲ್ಲ. ಆ ಕಾರಣಕ್ಕೇ, ಉಕ್ಕಿನಲ್ಲಿ ಪಳಗಿದ ಶಾಪುಗಳು ಅಲ್ಯೂಮಿನಿಯಂ ಕೆಲಸ ಹಿಡಿದಾಗ ಮೊದಲ ಬೇಸಿಗೆಯಲ್ಲಿ ಎಡವುತ್ತವೆ.

ಹಾಗಿದ್ದರೆ ಎಲ್ಲವನ್ನೂ ಬಿಗಿಯಾಗಿ ಬರೆದುಬಿಟ್ಟರಾಯಿತಲ್ಲ ಎಂದು ಹೊಸಬರು ಯೋಚಿಸುತ್ತಾರೆ. ಬಣ್ಣ ಬಳಿದು ಮುಚ್ಚುವ ಕವರಿನ ಉದ್ದದ ಅಳತೆಗೂ 0.01 ಸಹಿಷ್ಣುತೆ ಹಾಕುವುದು ಮದುವೆ ಊಟದಲ್ಲಿ ಉಪ್ಪಿನಕಾಯಿಗೂ ತುಪ್ಪ ಬಡಿಸಿದಂತೆ. ಅಂಥ ಡ್ರಾಯಿಂಗ್ ನೋಡಿದ ಜಾಬ್‌ವರ್ಕ್ ಶಾಪಿನವರು ಎರಡರಲ್ಲೊಂದು ಮಾಡುತ್ತಾರೆ: ದರ ಏರಿಸುತ್ತಾರೆ, ಇಲ್ಲವೇ ಯಾವ ಅಳತೆಯನ್ನು ನಿಜವಾಗಿ ಪಾಲಿಸಬೇಕು ಎಂಬುದನ್ನು ತಾವೇ ಊಹಿಸಿಕೊಳ್ಳುತ್ತಾರೆ. ಅಪಾಯಕಾರಿಯಾದದ್ದು ಎರಡನೆಯದು. ನಮ್ಮ ಕೆಲಸ ಮಾಡಿಕೊಡುವ ಹಿರಿಯ ಟರ್ನರ್ ಒಬ್ಬರು, "ಸರ, ಇದರಾಗ ಯಾವುದು ಖರೇವಂದ್ರ ಬೇಕು, ಅದಕ್ಕಷ್ಟ ಗೋಲ್ ಹಾಕಿ ಕೊಡ್ರಿ" ಎನ್ನುತ್ತಾರೆ. ಡ್ರಾಯಿಂಗ್ ತಪಾಸಣೆಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಇನ್ನೂ ಸಿಕ್ಕಿಲ್ಲ.

ಸಣ್ಣಪುಟ್ಟ ಕಿರಿಕಿರಿಗಳಿಗಂತೂ ಕೊನೆಯಿಲ್ಲ. ಎಂ12 (12 ಮಿಲಿಮೀಟರ್ ವ್ಯಾಸದ) ಬೋಲ್ಟಿನ ತಲೆಯ ಅಗಲ ಐಎಸ್‌ಒ ಪ್ರಕಾರ 18 ಮಿಲಿಮೀಟರ್, ಹಳೆಯ ಜರ್ಮನ್ ಮಾನದಂಡ ಡಿಐಎನ್ ಪ್ರಕಾರ 19. ಕಂಪ್ಯೂಟರಿನ ಲೈಬ್ರರಿಯಿಂದ ಒಂದು ಬರುತ್ತದೆ, ಅಂಗಡಿಯಿಂದ ಇನ್ನೊಂದು ಬರುತ್ತದೆ, ಪಾನಾ ಹೋಗುವ ಜಾಗ ಸಾಲುವುದಿಲ್ಲ. ಒಂದು ಭಾಗದ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯಲ್ಲಿ ಜೋಡಿಸಲು ಎರಡು ಪದ್ಧತಿಗಳಿವೆ: ನಮ್ಮ ಕಾಲೇಜುಗಳಲ್ಲಿ ಫಸ್ಟ್ ಆ್ಯಂಗಲ್ ಕಲಿಸುತ್ತಾರೆ, ಅಮೆರಿಕದ ಗಿರಾಕಿ ಥರ್ಡ್ ಆ್ಯಂಗಲ್‌ನಲ್ಲಿ ಕಳುಹಿಸುತ್ತಾನೆ. ಯಾವ ಪದ್ಧತಿ ಎಂದು ಸೂಚಿಸುವ ಚಿಹ್ನೆ ಡ್ರಾಯಿಂಗಿನ ಮೂಲೆಯ ವಿವರಪಟ್ಟಿಯಾದ ಟೈಟಲ್ ಬ್ಲಾಕಿನಲ್ಲಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ತೆಗೆದು ಕಳುಹಿಸುವಾಗ ಮೊದಲು ಕತ್ತರಿಸಿ ಹೋಗುವುದು ಅದೇ ಮೂಲೆ. ಎಡಗಡೆಯ ಬ್ರ್ಯಾಕೆಟ್ ಬಲಗಡೆಯದಾಗಿ ತಯಾರಾಗಿ ಬರಲು ಅಷ್ಟು ಸಾಕು.

ಕಚೇರಿಯ ಹತಾಶೆಗಳ ಬಗ್ಗೆ ಕೇಳಿದ್ದರಿಂದ ಅದನ್ನೂ ಹೇಳಬೇಕು. ಡಿಸೈನ್ ಆರಂಭವಾಗುವ ಮೊದಲೇ ಮಾರಾಟ ವಿಭಾಗದವರು ತಾರೀಖು ಕೊಟ್ಟು ಬಂದಿರುತ್ತಾರೆ. ಖರೀದಿ ವಿಭಾಗದವರು ನಾವು ಹೇಳಿದ ದರ್ಜೆಯ ಉಕ್ಕು ಸಿಗಲಿಲ್ಲವೆಂದು "ಅದರಂಥದ್ದೇ" ಇನ್ನೊಂದನ್ನು ತಂದಿರುತ್ತಾರೆ, ಮತ್ತು ಅದನ್ನು ತಿಳಿಸುವುದು ಹಾರ್ಡನಿಂಗ್ ಆಗಿ ಬಂದು ಗಡಸುತನ ಸಾಲದೆ ಹೋದ ಮೇಲೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಹಳೆಯ ರಿವಿಷನ್ನುಗಳು, ಅಂದರೆ ಡ್ರಾಯಿಂಗಿನ ಹಿಂದಿನ ಆವೃತ್ತಿಗಳು: ಕಂಪ್ಯೂಟರಿನಲ್ಲಿ ಡಿ ರಿವಿಷನ್ ಇರುತ್ತದೆ, ಲೇಥ್ ಪಕ್ಕದ ಡ್ರಾವರಿನಲ್ಲಿ ಎಣ್ಣೆ ಮೆತ್ತಿದ ಬಿ ರಿವಿಷನ್ ಇರುತ್ತದೆ, ಮಾಲು ತಯಾರಾಗುವುದು ಡ್ರಾವರಿನ ಪ್ರಕಾರ. ಇದು ಸಾಫ್ಟ್‌ವೇರ್ ಕೊಂಡರೆ ಬಗೆಹರಿಯುವ ಸಮಸ್ಯೆಯಲ್ಲ. ಹೊಸದನ್ನು ಕೊಡುವವನೇ ಹಳೆಯದನ್ನು ಕೈಯಾರೆ ವಾಪಸು ತರಬೇಕು. ಸಂಬಳದ ವಿಷಯ ನಿಮಗೂ ಗೊತ್ತಿರುವುದೇ. 1947ರಲ್ಲಿ ಆರಂಭವಾದ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿನ ಊರಾದ ಹುಬ್ಬಳ್ಳಿಯಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ, ಆದರೆ ಕೆಲಸ ಕೈಗೆ ಹತ್ತುವಷ್ಟರಲ್ಲಿ ಅನೇಕರು ಪುಣೆಗೋ ಬೆಂಗಳೂರಿಗೋ ಹೊರಟಿರುತ್ತಾರೆ. ಅವರ ತಲೆಯಲ್ಲಿದ್ದ, ಡ್ರಾಯಿಂಗಿಗೆ ಇಳಿಯದ ಕಾರಣಗಳೂ ಅವರೊಂದಿಗೇ ಹೋಗುತ್ತವೆ.

ಕಾಲೇಜಿನ ಲೆಕ್ಕ ವ್ಯರ್ಥವೇ ಎಂದರೆ ಖಂಡಿತ ಅಲ್ಲ. ಫಿಟ್ ಕೋಷ್ಟಕ ಓದಲು, ಹಿಗ್ಗುವಿಕೆ ಲೆಕ್ಕ ಹಾಕಲು ಬಾರದವನಿಗೆ ಮೇಲಿನ ಎರಡೂ ಪ್ರಕರಣಗಳು ಬಗೆಹರಿಯುತ್ತಿರಲಿಲ್ಲ. ಆದರೆ ಪದವಿಯ ಜೊತೆಗೆ, ಈಗ ಉಳಿದಿರುವ ತಿಂಗಳುಗಳಲ್ಲಿ ಗದಗ ಅಥವಾ ಹುಬ್ಬಳ್ಳಿಯ ಯಾವುದಾದರೂ ಸಣ್ಣ ಮಷೀನ್ ಶಾಪಿನಲ್ಲಿ ಕುಳಿತು ಅವರ ಕೈಯಲ್ಲಿರುವ ಡ್ರಾಯಿಂಗುಗಳನ್ನು ನೋಡಿರಿ. ಮುಂದೆ ಸಂದರ್ಶನಕ್ಕೆ ಹೋದಲ್ಲಿ, ಅನುಮತಿ ಕೊಟ್ಟರೆ, ಶಾಪ್ ಫ್ಲೋರಿನಲ್ಲಿ ಆ ಹೊತ್ತು ಬಳಕೆಯಲ್ಲಿರುವ ಒಂದು ಡ್ರಾಯಿಂಗನ್ನು ಕೇಳಿ ನೋಡಿರಿ. ಅದರ ಮೇಲೆ ಪೆನ್ಸಿಲ್ ತಿದ್ದುಪಡಿಗಳಿದ್ದರೆ ಗಾಬರಿಯಾಗಬೇಕಿಲ್ಲ. ಅವು ಡಿಸೈನ್ ವಿಭಾಗಕ್ಕೆ ಹೇಗೆ ಮರಳಿ ಬರುತ್ತವೆ ಎಂದು ಕೇಳಿರಿ. ಅದಕ್ಕೆ ಯಾರಾದರೂ ಸ್ಪಷ್ಟವಾಗಿ ಉತ್ತರ ಕೊಟ್ಟರೆ, ಸಂಬಳ ಸ್ವಲ್ಪ ಕಡಿಮೆಯಿದ್ದರೂ ನಾನಾದರೆ ಅಲ್ಲಿ ಸೇರುತ್ತೇನೆ.